ಇನ್ನೂರ ಮೂವತ್ತೈದರ ಕಾಲು

ಮೀನು ಮಾರುಕಟ್ಟೆಗೆ ಬಂದ ಸೊಕ್ ಮ್ಯಾನೇಜರು ಪಿಲ್ಸುನಳ ಮುಖ ನೋಡಲಿಲ್ಲ. ಅವಳ ಬೂಟು ನೋಡಿದರು. ಮೊಣಕಾಲಿನವರೆಗೆ ಬರುವ ಕೆಂಪು ರಬ್ಬರ್ ಬೂಟು, ಅದರ ಮೇಲೆ ಹಾವುಮೀನಿನ ಲೋಳೆ.

"ಕಾಲು ಹೇಗಿದೆ?" ಎಂದರು.

ನಾಲ್ಕು ವರ್ಷದ ಮೇಲೆ ಎದುರಾದವರು ಆಡಿದ ಮೊದಲ ಮಾತು ಅದು. ಅಂಗಡಿಯ ಒಡತಿ ತೊಂಗ್ಯೊಂಗ್ ಅಕ್ಕ ಕೈಯಲ್ಲಿದ್ದ ಮೀನನ್ನು ತೊಟ್ಟಿಗೆ ಬಿಟ್ಟು ಗಟ್ಟಿಯಾಗಿ ನಕ್ಕಳು. "ಇದೇನ್ರೀ ಯಜಮಾನ್ರೇ, ಯೋಗಕ್ಷೇಮ ಕೇಳೋ ರೀತಿ? ಕಾಲು ಆಯ್ತು, ಆಮೇಲೆ ಮಂಡಿ, ಆಮೇಲೆ ಸೊಂಟ, ಹಂಗೇ ಮೇಲಕ್ಕೆ ಬರ್ತೀರಾ?"

ಪಿಲ್ಸುನ್ ನಗಲಿಲ್ಲ. ಅವಳಿಗೆ ಅರ್ಥವಾಗಿತ್ತು. ಕೈ ತೊಳೆದು ಏಪ್ರನ್ನಿಗೆ ಒರೆಸಿಕೊಂಡು, "ಇದೆ ಸಾರ್" ಎಂದಳು. 

ಬೂಸಾನಿನಲ್ಲಿ ಬೂಟಿನ ಕಾರ್ಖಾನೆಗಳು ನಡೆಯುತ್ತಿದ್ದ ಕಾಲದಲ್ಲಿ ಪಿಲ್ಸುನ್ ಹೊಲಿಗೆ ಸಾಲಿನ ಎರಡು ಸಾವಿರ ಹೆಂಗಸರಲ್ಲಿ ಒಬ್ಬಳು. ಕಾರ್ಖಾನೆಗೆ ಸೇರಿದ ವರ್ಷವೇ ಒಬ್ಬರು ಬಂದು ಎಲ್ಲರ ಕಾಲು ಅಳೆದರು. ಹೊಸ ಮಾದರಿಯ ಹೆಂಗಸರ ಬೂಟನ್ನು ಮೊದಲು ಒಂದೇ ಅಳತೆಯಲ್ಲಿ, ಇನ್ನೂರ ಮೂವತ್ತೈದು ಮಿಲಿಮೀಟರಿನಲ್ಲಿ, ಮಾಡುವುದು ಅಲ್ಲಿಯ ಪದ್ಧತಿ. ಆ ಅಳತೆ ಸರಿಯಾದರೆ ಉಳಿದ ಅಳತೆಗಳನ್ನು ಅದರಿಂದ ಎಳೆಯುತ್ತಾರೆ, ಕುಗ್ಗಿಸುತ್ತಾರೆ. ಪಿಲ್ಸುನಳ ಕಾಲು ಉದ್ದದಲ್ಲಿ, ಅಗಲದಲ್ಲಿ, ಪಾದದ ಮೇಲುಬ್ಬಿನ ಎತ್ತರದಲ್ಲಿ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಇನ್ನೂರ ಮೂವತ್ತೈದು. ಅಂದಿನಿಂದ ವಾರಕ್ಕೆರಡು ಸಲ ಅವಳನ್ನು ಹೊಲಿಗೆಯಿಂದ ಎಬ್ಬಿಸಿ ಕರೆದೊಯ್ಯುತ್ತಿದ್ದರು. ಇನ್ನೂ ಹೆಸರಿಡದ ಬೂಟು ತೊಟ್ಟು ಉದ್ದನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದಳು, ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು, ನಿಂತು ಹೇಳುತ್ತಿದ್ದಳು: ಎಡಗಾಲಿನ ಹಿಮ್ಮಡಿ ಒಂದು ಎಳೆ ಸಡಿಲ, ಬಲಗಾಲಿನ ಉಂಗುಟದ ಗಂಟಿಗೆ ಹೊಲಿಗೆ ತಾಕುತ್ತದೆ. ಅವಳು ಹೇಳಿದ ಕಡೆ ಸರಿಪಡಿಸುತ್ತಿದ್ದರು. ಅಳತೆಪಟ್ಟಿ ಒಂದು ಹೇಳಿ ಅವಳ ಕಾಲು ಇನ್ನೊಂದು ಹೇಳಿದರೆ ಕಾಲಿನ ಮಾತೇ ನಡೆಯುತ್ತಿತ್ತು. "ಪಟ್ಟಿ ಹಿಗ್ಗುತ್ತೆ, ಈ ಹುಡುಗಿ ಕಾಲು ಹಿಗ್ಗಲ್ಲ" ಎನ್ನುತ್ತಿದ್ದರು ಮಾದರಿ ವಿಭಾಗ ನೋಡಿಕೊಳ್ಳುತ್ತಿದ್ದ ಸೊಕ್ ಮ್ಯಾನೇಜರು.

ಹಾಗೆ ನೂರಾರು ಜೊತೆ ತೊಟ್ಟರೂ ಒಂದೂ ಅವಳದಾಗಲಿಲ್ಲ. ಮಾದರಿ ಜೋಡು ಹೊರಗೆ ಹೋಗಕೂಡದು. ಕೆಲಸ ಮುಗಿದೊಡನೆ ಪಕ್ಕಕ್ಕೆ ಚಾಕು ಹಾಕಿ ಸೀಳಿ ಬುಟ್ಟಿಗೆಸೆಯುವುದು ನಿಯಮ.

ತೊಂಬತ್ತೇಳರ ಕೊನೆಯಲ್ಲಿ ಕಾರ್ಖಾನೆ ಮುಚ್ಚಿತು. ದೇಶ ಸಾಲಕ್ಕೆ ಕೈಯೊಡ್ಡಿದ ಆ ವರ್ಷಗಳನ್ನು ಎಲ್ಲರೂ ಐಎಂಎಫ್ ಕಾಲ ಎನ್ನುತ್ತಾರೆ, ಯಾವುದೋ ಜ್ವರದ ಹೆಸರು ಹೇಳಿದಂತೆ. ಪಿಲ್ಸುನಳ ಗಂಡ ಕೊಜೆ ದ್ವೀಪದ ಹಡಗುಕಟ್ಟೆಗೆ ದಿನಗೂಲಿಗೆ ಹೋದ, ತಿಂಗಳಿಗೆರಡು ಸಲ ಬರುತ್ತಾನೆ, ಮಲಗುತ್ತಾನೆ, ಹೋಗುತ್ತಾನೆ. ಅವಳು ಮೀನಿಗೆ ಬಂದಳು. ದಿನಕ್ಕೆ ಹತ್ತು ಗಂಟೆ ತಣ್ಣೀರಿನ ಮೇಲೆ ನಿಂತು ಹಾವುಮೀನಿನ ಚರ್ಮ ಸುಲಿಯುವ ಕೆಲಸ. ಈ ಆಗಸ್ಟಿನಲ್ಲಿ ದೇಶದ ಸಾಲ ತೀರಿತು, ಕೆಟ್ಟ ಕಾಲ ಮುಗಿಯಿತು ಎಂದು ಟಿವಿಯಲ್ಲಿ ಹೇಳಿದರು. ಆಗಲೂ ಅವಳು ನಿಂತೇ ಇದ್ದಳು. ತೊಂಗ್ಯೊಂಗ್ ಅಕ್ಕ ಟಿವಿಯತ್ತ ಚಾಕು ತೋರಿಸಿ, "ನೋಡೇ, ನಾವು ಚೇತರಿಸ್ಕೊಂಡ್ವಂತೆ. ನಿಂಗೇನಾದ್ರೂ ಅನ್ನಿಸ್ತಿದ್ಯಾ?" ಎಂದು ಕೇಳಿದ್ದಳು.

ಈಗ ಮ್ಯಾನೇಜರು ತೊಟ್ಟಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳುತ್ತಿದ್ದರು. ನಗರಸಭೆ ಹಳೆಯ ಕಾರ್ಖಾನೆಯ ಒಂದು ಮೂಲೆಯನ್ನು ಬಿಡಿಸಿ ಕೊಟ್ಟಿದೆ. ನಾಲ್ಕು ಹೊಲಿಗೆ ಯಂತ್ರ. ಓಸಾಕಾದ ಒಬ್ಬ ಕೊಳ್ಳುವವನು ಹೆಂಗಸರ ನಡಿಗೆ ಬೂಟು ಕೇಳಿದ್ದಾನೆ. ಮಾದರಿ ಒಪ್ಪಿದರೆ ವರ್ಷಪೂರ್ತಿ ಕೆಲಸ.

"ಹೊಲಿಯೋಕೆ ನಾಲ್ಕು ಜನ ಸಿಕ್ರು. ಹ್ವಾಜಾ ಬಂದಿದಾಳೆ, ಒಕ್ಕಿ ಬಂದಿದಾಳೆ. ನಿನ್ನ ಕಣ್ಣು ಈಗ ದಾರ ಹಿಡಿಯಲ್ಲ, ನಂಗೊತ್ತು. ನಂಗೆ ಬೇಕಾಗಿರೋದು ಕಾಲು. ಇಡೀ ದಿನದ ಕೆಲಸ ಕಣಮ್ಮ. ತೊಟ್ಟು ನೋಡೋದು, ತಯಾರಾದ ಮಾಲು ಪರೀಕ್ಷೆ ಮಾಡೋದು. ಕೂತ್ಕೊಂಡೇ."

ಕೂತ್ಕೊಂಡೇ. ಆ ಮಾತು ಪಿಲ್ಸುನಳ ಕಿವಿಯಲ್ಲಿ ಉಳಿಯಿತು.

"ತಿಂಗಳ ಕೊನೆಯೊಳಗೆ ಹೇಳ್ಬಿಡು" ಎಂದಳು ತೊಂಗ್ಯೊಂಗ್ ಅಕ್ಕ ಅವರು ಹೋದ ಮೇಲೆ. "ನಿನ್ನ ಜಾಗಕ್ಕೆ ಮೂರು ಜನ ಕಾಯ್ತಿದಾರೆ. ಹೋಗೋದಾದ್ರೆ ಹೋಗು, ನಾನು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಅತ್ಲಾಗೊಂದು ಕಾಲು, ಇತ್ಲಾಗೊಂದು ಕಾಲು ಇಡ್ಬೇಡ."

*

ಹಳೆಯ ಕಾರ್ಖಾನೆಯ ಬಾಗಿಲಿಗೆ ನಗರಸಭೆಯವರು ಬ್ಯಾನರ್ ಕಟ್ಟಿದ್ದರು: ಬೂಟಿನ ನಗರ ಮತ್ತೆ ನಡೆಯುತ್ತಿದೆ. ಮೊದಲ ದಿನವೇ ಒಬ್ಬ ಅಧಿಕಾರಿ ಬಂದು ಐದು ಹೆಂಗಸರನ್ನೂ ಬ್ಯಾನರಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿದ. ಕಾಗದದಲ್ಲಿ ಮತ್ತೆ ಕೆಲಸಕ್ಕೆ ಸೇರಿದವರು ಐದು ಎಂದು ಬರೆದುಕೊಂಡ. ಪಿಲ್ಸುನ್ ರಜೆ ಹಾಕಿ ಬಂದವಳು, ಇನ್ನೂ ಸೇರಿಯೇ ಇರಲಿಲ್ಲ. ಹೇಳಬೇಕೆಂದುಕೊಂಡಳು, ಅಷ್ಟರಲ್ಲಿ ಅವನು ಕಾರು ಹತ್ತಿದ್ದ.

ಮೇಜಿನ ಮೇಲೆ ಮಾದರಿ ಜೋಡು ಇತ್ತು. ಬೂದುಬಣ್ಣ, ತಿಳಿನೀಲಿ ಅಂಚು. ಪಕ್ಕದಲ್ಲಿ ಅದನ್ನು ಕಟ್ಟಿದ ಅಚ್ಚು, ಪಾದದ ಆಕಾರದಲ್ಲಿ ಕೆತ್ತಿದ ಮರದ ತುಂಡು. ಅದನ್ನು ಕೆತ್ತಿದ ಪ್ಯೊ ಅಜ್ಜ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ನಲವತ್ತು ವರ್ಷದಿಂದ ಅಚ್ಚು ಕೆತ್ತುತ್ತ ಬಂದವನು, ಮಾತು ಕಡಿಮೆ.

ಪಿಲ್ಸುನ್ ಕಾಲುಚೀಲ ಸರಿಮಾಡಿಕೊಂಡು ಬಲಗಾಲು ತೂರಿಸಿದಳು. ಕಿರುಬೆರಳು ಒತ್ತಿತು.

ಎಡಗಾಲು ಹಾಕಿದಳು. ಅಲ್ಲೂ ಒತ್ತಿತು.

ಆ ಕ್ಷಣದಲ್ಲೇ ಅವಳಿಗೆ ಗೊತ್ತಾಯಿತು. ನಾಲ್ಕು ವರ್ಷದಲ್ಲಿ ಅವಳು ಬೂಟು ಕೊಂಡಿರಲಿಲ್ಲ. ಮನೆಯಲ್ಲಿ ಚಪ್ಪಲಿ, ಅಂಗಡಿಯಲ್ಲಿ ಎರಡು ಜೊತೆ ಕಾಲುಚೀಲ ತೊಟ್ಟರೂ ಅಲ್ಲಾಡುವ ರಬ್ಬರ್ ಬೂಟು. ಕಾಲು ಏನಾಯಿತೆಂದು ಯಾರು ನೋಡಿದ್ದರು? ಬಸ್ಸಿನಲ್ಲಿ ಕೂತಾಗ ಅಂಗಾಲು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಂತೆ ಅನ್ನಿಸುತ್ತಿದ್ದುದುಂಟು. ದಣಿವು ಎಂದುಕೊಂಡಿದ್ದಳು.

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಕಿಟಕಿಯವರೆಗೆ ನಡೆದಳು, ತಿರುಗಿ ಬಂದಳು. ತೊಟ್ಟು ನೋಡುವವಳ ಕೆಲಸ ಎಲ್ಲಿ ಒತ್ತುತ್ತದೆಂದು ಹೇಳುವುದು, ಏಕೆ ಒತ್ತುತ್ತದೆಂದು ಹೇಳುವುದಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. "ಎರಡೂ ಕಡೆ ಕಿರುಬೆರಳಿನ ಹತ್ರ ಒತ್ತುತ್ತೆ ಸಾರ್. ಅಗಲ ಸಾಲ್ದು."

ಮ್ಯಾನೇಜರ ಮುಖ ಅರಳಿತು. "ನೋಡಿ! ಇದಕ್ಕೇ ಇವಳು ಬೇಕು ಅಂದಿದ್ದು. ಪ್ಯೊ ಅಜ್ಜ, ಕೇಳಿಸ್ತಾ?"

"ಪಟ್ಟಿ ಪ್ರಕಾರ ಸರಿ ಇದೆ" ಎಂದ ಪ್ಯೊ ಅಜ್ಜ.

"ಪಟ್ಟಿ ಹಿಗ್ಗುತ್ತೆ ಅಜ್ಜ."

ಅಜ್ಜ ಸ್ಟೂಲಿನಿಂದ ಎದ್ದ. ಅಚ್ಚನ್ನು ಬಟ್ಟೆಯಲ್ಲಿ ಗಂಟು ಕಟ್ಟಿದ. ಮೆಟ್ಟಿಲಿನಲ್ಲಿ ಪಿಲ್ಸುನ್ ಹಿಂದೆ ಬಂದಾಗ, ಕೈಗಂಬಿ ಹಿಡಿದು ನಿಂತು ಕೇಳಿದ: "ಮೀನಿನಂಗಡೀಲಿ ಎಷ್ಟು ಹೊತ್ತು ನಿಲ್ತೀಯಮ್ಮ?"

"ಹತ್ತು ಗಂಟೆ."

"ಹ್ಞೂಂ" ಎಂದ. ಅಷ್ಟೇ.

ಮೂರು ದಿನದ ಮೇಲೆ ಅಚ್ಚು ಮರಳಿ ಬಂತು. ಎರಡೂ ಪಕ್ಕಕ್ಕೆ ಅಜ್ಜ ತೊಗಲಿನ ತೆಳು ಪಟ್ಟಿ ಅಂಟಿಸಿ ಅಗಲ ಹೆಚ್ಚಿಸಿದ್ದ. ಅದರ ಮೇಲೆ ಕಟ್ಟಿದ ಹೊಸ ಜೋಡು ತೊಟ್ಟಾಗ ಪಿಲ್ಸುನಳಿಗೆ ಕಣ್ಣು ಮುಚ್ಚುವಷ್ಟು ಹಿತವಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಕಾಲಿಗೆ ಯಾರೋ ಒಳ್ಳೆಯ ಮಾತಾಡಿದಂತೆ. "ಸರಿ ಇದೆ" ಎಂದಳು. ಹ್ವಾಜಾ ಚಪ್ಪಾಳೆ ತಟ್ಟಿದಳು. ಮಾದರಿ ಓಸಾಕಾಕ್ಕೆ ಹೋಯಿತು.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಫೋನ್ ಬಡಿದುಕೊಂಡರೆ ಬೆಚ್ಚುತ್ತಿದ್ದಳು. ಮನೆಗೆ ಬಂದ ಗಂಡ, "ಏನಾಗಿದೆ ನಿಂಗೆ?" ಎಂದಾಗ, "ಕೆಲಸ ಸಿಗ್ತಿದೆ" ಎಂದಳು. "ಅದಕ್ಕೆ ಹೀಗಿರ್ತಾರಾ?" ಎಂದು ಅವನು ಮಗ್ಗುಲಾದ.

*

ಓಸಾಕಾದ ಉತ್ತರ ಬಂದ ದಿನ ಪಿಲ್ಸುನ್ ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಖಾನೆಗೆ ಹೋಗಿದ್ದಳು. ಮೆಟ್ಟಿಲ ಬುಡದಲ್ಲೇ ಮ್ಯಾನೇಜರ ಕೂಗು ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದರು.

"ಕಣ್ಣು ಮಂಜಾಗಿದ್ರೆ ಮನೇಲಿ ಕೂತ್ಕೊಳ್ಳಿ ಅಜ್ಜ! ಅಗಲ ಜಾಸ್ತಿ, ಹಿಮ್ಮಡಿ ಜಾರುತ್ತೆ ಅಂತ ಬರ್ದಿದಾರೆ. ಹತ್ತು ದಿನ ಕೊಟ್ಟಿದಾರೆ, ಇಲ್ದಿದ್ರೆ ಚೀನಾಕ್ಕೆ ಕೊಡ್ತಾರಂತೆ. ಬೇಡ, ನೀವು ಸರಿ ಮಾಡೋದು ಬೇಡ. ಅಚ್ಚು ತಂದು ಕೊಟ್ಟು ಹೋಗಿ, ಬೇರೆಯವ್ರ ಹತ್ರ ಮಾಡಿಸ್ಕೋತೀನಿ."

ಪಿಲ್ಸುನ್ ಒಳಗೆ ಹೋಗಿ ಗೋಡೆಗೆ ಆತು ನಿಂತಳು. ನಾಲ್ಕೂ ಯಂತ್ರಗಳು ನಿಂತಿದ್ದವು. ಒಕ್ಕಿ ಅವಳ ಕಿವಿಯ ಬಳಿ, "ಮುದುಕಪ್ಪಂಗೆ ಇದೊಂದೇ ಗಿರಾಕಿ ಅಕ್ಕ. ಪಾಪ, ಬಾಡಿಗೆ ಕೋಣೇಲಿ ಒಬ್ನೇ ಇದಾನೆ" ಎಂದಳು.

ಈಗ ಸುಮ್ಮನಿದ್ದರೆ ಏನಾಗುತ್ತದೆಂದು ಪಿಲ್ಸುನ್ ಲೆಕ್ಕ ಹಾಕಿದಳು. ಬೇರೆ ಅಚ್ಚಿನವನು ಬರುತ್ತಾನೆ, ಬೇರೆ ಅಚ್ಚು ಕೆತ್ತುತ್ತಾನೆ. ಅದೂ ಒತ್ತುತ್ತದೆ. ಆಗ ಒತ್ತುವುದಿಲ್ಲ ಎಂದುಬಿಟ್ಟರೆ? ಕಿರುಬೆರಳು ಒತ್ತಿದರೂ ನಗುತ್ತಾ ಕಿಟಕಿಯವರೆಗೆ ನಡೆದು ಬಂದರೆ ಯಾರಿಗೂ ತಿಳಿಯುವುದಿಲ್ಲ. ಮಾದರಿ ಒಪ್ಪಿಗೆಯಾಗುತ್ತದೆ. ಅವಳು ಕುರ್ಚಿಯ ಮೇಲೆ ಕೂತಿರುತ್ತಾಳೆ. ಪ್ಯೊ ಅಜ್ಜ ಮಾತ್ರ ಕಣ್ಣು ಮಂಜಾದವನಾಗಿ ಕೋಣೆಯಲ್ಲಿ ಉಳಿಯುತ್ತಾನೆ.

ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಭಯವಾಯಿತು. ಅಲ್ಲೇ ಕೂತಳು. ಮಾರುಕಟ್ಟೆಗೆ ಮರಳುವ ಹೊತ್ತು ಮೀರಿದರೂ ಏಳಲಿಲ್ಲ.

ಗಂಟೆಯ ಮೇಲೆ ಅಜ್ಜ ಬಂದ. ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಅಚ್ಚಿನ ಜೊತೆಗೆ ಅಳತೆಪಟ್ಟಿಯೂ ಇತ್ತು. ಬೈಗುಳ ತಿಂದು ಬಂದವನ ಹಾಗಿರಲಿಲ್ಲ, ಸೋತವನ ಹಾಗೂ ಇರಲಿಲ್ಲ. ಮೂರು ಮಹಡಿ ಹತ್ತಿದ್ದರಿಂದ ಏದುಸಿರು, ಅಷ್ಟೆ. ಪಿಲ್ಸುನಳ ಕಾಲಿನತ್ತ ಒಮ್ಮೆಯೂ ನೋಡಲಿಲ್ಲ. ನೋಡದೇ ಇರಲು ಅವನು ಪಡುತ್ತಿದ್ದ ಕಷ್ಟ ಅವಳಿಗೆ ಕಾಣಿಸಿತು.

"ಸಾರ್" ಎಂದಳು. "ತಪ್ಪು ಅಚ್ಚಿಂದಲ್ಲ."

"ಮತ್ತೆ? ಹೊಲಿಗೆದಾ?" ಮ್ಯಾನೇಜರು ಹ್ವಾಜಾಳತ್ತ ತಿರುಗಿದರು.

"ನನ್ನತ್ತ ಯಾಕೆ ನೋಡ್ತೀರ? ನನ್ನ ಹೊಲಿಗೆ ನೆಟ್ಟಗಿದೆ!" ಎಂದಳು ಹ್ವಾಜಾ.

"ನನ್ನ ಕಾಲಿಂದು. ನನ್ನ ಕಾಲು ಈಗ ಇನ್ನೂರ ಮೂವತ್ತೈದಲ್ಲ. ಅಗಲ ಆಗ್ಬಿಟ್ಟಿದೆ. ಅಜ್ಜ ಮೊದಲು ಮಾಡಿದ ಅಚ್ಚು ಸರಿಯಾಗೇ ಇತ್ತು."

ಮ್ಯಾನೇಜರು ಅವಳ ಕಾಲನ್ನು ನೋಡಿದರು, ಮುಖವನ್ನು ನೋಡಿದರು. "ಯಾವಾಗ ಗೊತ್ತಾಯ್ತು?"

"ಮೊದಲ ದಿನಾನೇ."

ಮ್ಯಾನೇಜರು ಬಯ್ಯುತ್ತಾರೆಂದು ಅವಳು ಕಾದಳು. ಅವರು ಕುರ್ಚಿ ಎಳೆದು ಧೊಪ್ಪನೆ ಕೂತರು. ಬೂಟಿನ ನಗರದ ಮ್ಯಾನೇಜರು ಎನ್ನುವುದಕ್ಕಿಂತ ಬಸ್ಸು ತಪ್ಪಿದ ಮುದುಕನಂತೆ ಕಂಡರು. "ನಿನ್ನ ಕಾಲು ನಂಬಿ ಇಪ್ಪತ್ತು ವರ್ಷ ಕೆಲಸ ಮಾಡಿದೀನಿ ಕಣೇ" ಎಂದರು. "ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ರೆ ನೀವು ನನ್ನ ಇಟ್ಕೊಳ್ತಿದ್ರಾ?"

ಪ್ಯೊ ಅಜ್ಜ ಮೊಣಕಾಲೂರಿ ಅವಳ ಮುಂದೆ ಕೂತ. "ಕಾಲುಚೀಲ ತೆಗಿಯಮ್ಮ" ಎಂದ. ಬೆರಳ ಬುಡಕ್ಕೆ ಪಟ್ಟಿ ಸುತ್ತಿದ, ಉದ್ದ ನೋಡಿದ. "ಉದ್ದ ಮೂರು ಮಿಲಿಮೀಟರು ಜಾಸ್ತಿ. ಸುತ್ತಳತೆ ಹನ್ನೊಂದು ಜಾಸ್ತಿ. ಅಂಗಾಲಿನ ಕಮಾನು ಇಳಿದುಹೋಗಿದೆ." "ನಿಮ್ಗೆ ಮೊದಲೇ ಗೊತ್ತಿತ್ತಾ ಅಜ್ಜ?" ಎಂದು ಮ್ಯಾನೇಜರು ಕೇಳಿದಾಗ ಅಜ್ಜ ಪಟ್ಟಿ ಸುತ್ತಿಡುತ್ತಾ, "ಕಾಲು ಹೇಳಿದಂಗೆ ಮಾಡೋದು. ಹಾಗಂತ ನೀವೇ ಕಲಿಸಿದ್ದು" ಎಂದ.

"ಬೇರೆ ಕಾಲು ಹುಡುಕೋಣ" ಎಂದರು ಮ್ಯಾನೇಜರು ಕುರ್ಚಿಯಿಂದ ಏಳುತ್ತಾ. "ನಿಮ್ಮಲ್ಲಿ ಯಾರದ್ದು ಇನ್ನೂರ ಮೂವತ್ತೈದು?"

"ನಂದು!" ಎಂದಳು ಒಕ್ಕಿ. "ಮದುವೇಲಿ ಮೂವತ್ತೈದೇ ತೊಟ್ಟಿದ್ದು."

ಅಳೆದರು. ನಲವತ್ತೆರಡು. ಒಕ್ಕಿ ಈ ನಾಲ್ಕು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದವಳು. ಇನ್ನಿಬ್ಬರಲ್ಲಿ ಒಬ್ಬಳು ಸ್ನಾನಗೃಹದಲ್ಲಿ ಹೆಂಗಸರ ಮೈ ಉಜ್ಜುತ್ತಿದ್ದಳು, ಮತ್ತೊಬ್ಬಳು ಆಸ್ಪತ್ರೆಯ ನೆಲ ಒರೆಸುತ್ತಿದ್ದಳು. ಇಬ್ಬರೂ ಚೀಲ ಕಳಚಿದರು. ಒಬ್ಬಳ ಉಂಗುಟದ ಗಂಟು ಹೊರಗೆ ಚಾಚಿತ್ತು, ಇನ್ನೊಬ್ಬಳ ಹಿಮ್ಮಡಿ ಒಡೆದು ನೆಲದಂತಾಗಿತ್ತು. ಇಬ್ಬರದೂ ಅಳತೆ ಮೀರಿತ್ತು.

"ಅಯ್ಯಯ್ಯೋ, ಎಲ್ರದ್ದೂ ಬಾತುಕೋಳಿ ಪಾದ ಆಗೋಗಿದೆ" ಎಂದಳು ಒಕ್ಕಿ. "ಬ್ಯಾನರಿನ ಕೆಳಗೆ ಈ ಕಾಲುಗಳ ಫೋಟೋ ತೆಗೀಬೇಕಿತ್ತು ಅಕ್ಕ. ನಗರ ನಡೆಯುತ್ತಿದೆ ಅಂತಾರೆ. ನಡೆದಿದ್ದು ನಾವು!"

ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಬರಿಗಾಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಪಿಲ್ಸುನ್ ಕಾಲುಚೀಲ ಮತ್ತೆ ಏರಿಸಿಕೊಂಡಳು.

ಹ್ವಾಜಾ ಮಾತ್ರ ಚೀಲ ತೆಗೆದಿರಲಿಲ್ಲ. "ನಂದು ಬೇಡಪ್ಪ" ಎಂದಳು ನಾಚಿಕೊಂಡು. ಒತ್ತಾಯ ಮಾಡಿದ ಮೇಲೆ ತೆಗೆದಳು. ಬೆಳ್ಳಗೆ, ಮೆತ್ತಗೆ, ಮಗುವಿನ ಕಾಲಿನಂಥ ಕಾಲು. ಅಜ್ಜ ಎರಡು ಸಲ ಅಳೆದ. "ಮೂವತ್ತೈದು."

"ಇದ್ಹೇಗೇ?" ಎಂದು ಒಕ್ಕಿ ಕೂಗಿದಳು.

"ನಾನು ಕಾರು ನಿಲ್ಲಿಸೋ ಜಾಗದ ಗೂಡಂಗಡೀಲಿ ಟಿಕೆಟ್ ಹರೀತಿದ್ನಲ್ಲ. ನಾಲ್ಕು ವರ್ಷ ಕೂತೇ ಇದ್ದೆ" ಎಂದಳು ಹ್ವಾಜಾ, ತಪ್ಪು ಒಪ್ಪಿಕೊಳ್ಳುವವಳಂತೆ. "ಕಾಲು ಸರಿ ಇದೆ. ಸೊಂಟ ಹೋಗಿದೆ."

ಅಜ್ಜ ಚಿಕ್ಕ ಚಾಕುವಿನಿಂದ ಅಚ್ಚಿನ ಎರಡೂ ಪಕ್ಕದ ತೊಗಲಿನ ಪಟ್ಟಿಗಳನ್ನು ಎಬ್ಬಿಸಿ ಕಿತ್ತ. ಮ್ಯಾನೇಜರು ಮೊದಲಿನ ಜೋಡನ್ನು ಕಪಾಟಿನಿಂದ ತೆಗೆದರು. ಹ್ವಾಜಾ ತೊಟ್ಟು ಕಿಟಕಿಯವರೆಗೆ ಹೋಗಿ ಬಂದಳು.

"ಹೇಗಿದೆ?"

"ಚೆನ್ನಾಗಿದೆ."

"ಎಲ್ಲಿ ಚೆನ್ನಾಗಿದೆ?"

"ಎಲ್ಲಾ ಕಡೆ."

"ಹಿಮ್ಮಡಿ?"

"ಅದೂ ಚೆನ್ನಾಗಿದೆ. ಬಣ್ಣ ತುಂಬಾ ಚೆನ್ನಾಗಿದೆ ಸಾರ್."

ಮ್ಯಾನೇಜರು ಹಣೆಗೆ ಕೈ ಹಚ್ಚಿದರು. ಪಿಲ್ಸುನ್ ಅಷ್ಟರಲ್ಲಿ ನೆಲಕ್ಕೆ ಬಾಗಿದ್ದಳು. ಯಾರೂ ಹೇಳಿರಲಿಲ್ಲ. ಹ್ವಾಜಾಳ ಬೂಟಿನ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಡಿದು, "ಕಾಲು ಎತ್ತು" ಎಂದಳು. "ಇಳಿಸು. ಈಗ ಮುಂದಕ್ಕೆ ವಾಲು. ಇಲ್ಲಿ ಗಾಳಿ ಆಡಿದಂಗೆ ಆಗ್ತಿಲ್ವಾ?"

"ಹೂಂ, ನೀ ಹೇಳಿದ್ಮೇಲೆ ಗೊತ್ತಾಗ್ತಿದೆ. ಆಗ್ತಿದೆ."

"ಎಡಗಡೆ ಹಿಮ್ಮಡಿ ಒಂದು ಎಳೆ ಸಡಿಲ ಸಾರ್" ಎಂದಳು ಪಿಲ್ಸುನ್, ತಲೆ ಎತ್ತದೆ. "ಅಗಲ ಸರಿ ಇದೆ."

*

ಎರಡನೆಯ ಮಾದರಿಯನ್ನು ಓಸಾಕಾ ಒಪ್ಪಿತು. ಆದರೆ ಮೊದಲು ಹೇಳಿದ್ದರಲ್ಲಿ ಅರ್ಧದಷ್ಟು ಜೋಡಿ ಮಾತ್ರ ಸಾಕೆಂದರು. ಉಳಿದರ್ಧ ಆಗಲೇ ಚೀನಾಕ್ಕೆ ಹೋಗಿತ್ತು. ತಿಂಗಳ ಕೊನೆಯ ದಿನ ಮ್ಯಾನೇಜರು ಪಿಲ್ಸುನಳನ್ನು ಕರೆದರು.

"ಇಡೀ ದಿನದ ಕೆಲಸ ಕೊಡೋಕಾಗಲ್ಲ. ಮಧ್ಯಾಹ್ನದ ಮೇಲೆ ಬಾ. ಹ್ವಾಜಾ ತೊಡ್ಲಿ, ನೀನು ಹೇಳು." ಕಿಟಕಿಯಾಚೆಯ ಬ್ಯಾನರಿನ ಹಗ್ಗ ನೋಡುತ್ತಾ ಹೇಳಿದರು: "ನಿನ್ನ ಬಿಡೋಕೂ ಆಗಲ್ಲ. ನಗರಸಭೆ ಕಾಗದದಲ್ಲಿ ಐದು ಜನ ಅಂತಿದೆ. ಫೋಟೋದಲ್ಲಿ ಮಧ್ಯದಲ್ಲೇ ನಿಂತಿದೀಯ."

ಅದು ಕ್ಷಮೆಯೋ ಚುಚ್ಚುಮಾತೋ ಅವಳಿಗೆ ತಿಳಿಯಲಿಲ್ಲ. ಅವರಿಗೂ ತಿಳಿದಂತಿರಲಿಲ್ಲ.

ಓಸಾಕಾದಿಂದ ಹಿಂದಿರುಗಿದ ಅಗಲದ ಜೋಡು ಮೇಜಿನ ಮೇಲಿತ್ತು. ಮ್ಯಾನೇಜರು ಮಾತಾಡುತ್ತಲೇ ಚಾಕು ತೆಗೆದುಕೊಂಡು, ಹಳೆಯ ರೂಢಿಯಂತೆ, ಒಂದೊಂದರ ಪಕ್ಕಕ್ಕೂ ಒಂದು ಸೀಳು ಹಾಕಿದರು. ಬುಟ್ಟಿಗೆ ಎಸೆಯಲು ಎತ್ತಿದ ಕೈ ಅಲ್ಲೇ ನಿಂತಿತು.

"ತಗೊಂಡ್ಹೋಗು" ಎಂದರು. "ಬೇರೆ ಯಾರಿಗೂ ಆಗಲ್ಲ ಇದು."

ಮರುದಿನ ಬೆಳಗ್ಗೆ ಅವಳು ಅದನ್ನೇ ತೊಟ್ಟು ಮಾರುಕಟ್ಟೆಗೆ ಹೋದಳು. ಬಸ್ಸಿನಲ್ಲಿ ನಿಂತೇ ಇದ್ದಳು. ಕಾಲು ನೋಯಲಿಲ್ಲ. ಸೀಳಿನಿಂದ ತಣ್ಣನೆಯ ಗಾಳಿ ಕಿರುಬೆರಳಿಗೆ ತಾಕುತ್ತಿತ್ತು.

"ಬೆಳಗ್ಗೆ ಹೊತ್ತು ಮಾತ್ರ ಬಂದ್ರೆ ಆಗುತ್ತಾ ಅಕ್ಕ?" ಎಂದು ಕೇಳಿದಳು.

ತೊಂಗ್ಯೊಂಗ್ ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅತ್ಲಾಗೊಂದು ಇತ್ಲಾಗೊಂದು ಇಡ್ಬೇಡ ಅಂದಿದ್ನಲ್ಲೇ."

"ಅಂದಿದ್ರಿ."

ಅಕ್ಕ ಮೀನಿನ ತೊಟ್ಟಿಗೆ ನೀರು ಬಿಟ್ಟಳು. "ಮಧ್ಯಾಹ್ನಕ್ಕೆ ಬೇರೆಯವಳನ್ನ ನೋಡ್ಕೋತೀನಿ. ನಾಳೆ ಅದೂ ಇಲ್ಲ ಇದೂ ಇಲ್ಲ ಅಂತ ಬಂದು ಅಳ್ಬೇಡ." ಆಮೇಲೆ ಅವಳ ಕಣ್ಣು ಬೂಟಿನ ಮೇಲೆ ಬಿತ್ತು. "ಇದೇನೇ, ಹೊಸ ಬೂಟು, ಆಗ್ಲೇ ಹರ್ಕೊಂಡಿದೀಯಾ?"

"ಇಲ್ಲ ಅಕ್ಕ. ಬಂದಿದ್ದೇ ಹೀಗೆ."

ಪಿಲ್ಸುನ್ ಬೂಟು ಕಳಚಿ, ನೀರು ಸಿಡಿಯದಷ್ಟು ಎತ್ತರದ ಮೊಳೆಗೆ ತೂಗುಹಾಕಿದಳು. ಎರಡು ಜೊತೆ ಚೀಲ ಏರಿಸಿ ರಬ್ಬರ್ ಬೂಟಿಗೆ ಕಾಲಿಟ್ಟಳು. ಗಡಿಯಾರ ನೋಡಿದಳು. ಒಂದು ಗಂಟೆಯ ಬಸ್ಸು ಹಿಡಿಯುವ ಮುಂಚೆ ಎರಡು ಬುಟ್ಟಿ ಮುಗಿಯಬೇಕು. ಮೊದಲ ಹಾವುಮೀನನ್ನು ಹಲಗೆಯ ಮೊಳೆಗೆ ಸಿಕ್ಕಿಸಿ, ಚಾಕು ಹಿಡಿದಳು.